ಮಗಳು ಪ್ರೋಟೀನ್ ಹಿಂದೆ ಹೊರಟಿದ್ದಾಳೆ ಅಂದೆಯಲ್ಲ, ಅದಕ್ಕೇ ಈ ಪತ್ರ

ಪ್ರೀತಿಯ ಗೆಳೆಯಾ,

ಮಗಳು ಎಂಎಸ್ಸಿ ಮುಗಿಸಿ ಪ್ರೋಟಿಯೊಮಿಕ್ಸ್‌ನಲ್ಲಿ, ಅಂದರೆ ಜೀವಕೋಶದ ಪ್ರೋಟೀನುಗಳನ್ನೆಲ್ಲ ಒಟ್ಟಾಗಿ ಹುಡುಕಿ ಅಳೆಯುವ ವಿಜ್ಞಾನದಲ್ಲಿ, ಪಿಎಚ್‌ಡಿ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಅದರಲ್ಲಿ ಏನಿದೆ, ಮುಂದೆ ಅನ್ನ ಹುಟ್ಟುತ್ತದಾ ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಮಾರಾಯ. ಇದೇ ಚಿಂತೆ ಇರುವ ಬೇರೆ ಅಪ್ಪ ಅಮ್ಮಂದಿರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಈ ಕ್ಷೇತ್ರದ ಹೆಸರಾಂತ ವಿಜ್ಞಾನಿ ಅಖಿಲೇಶ್ ಪಾಂಡೆ ಅವರು ನಡೆದ ದಾರಿ ನೋಡು. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ, ಆಮೇಲೆ ಡೆನ್ಮಾರ್ಕಿನ ಒಡೆನ್ಸೆಯಲ್ಲಿ ಇದೇ ಕ್ಷೇತ್ರದ ವಿಜ್ಞಾನಿ ಮಥಿಯಾಸ್ ಮಾನ್ ಅವರ ಜೊತೆ ಕೆಲಸ. 2000ದಲ್ಲಿ ಇವರಿಬ್ಬರೂ ಸೇರಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಮಗಳಿಗೆ ಓದಲು ಹೇಳು. ಜೀನ್‌ಗಳ ಪಟ್ಟಿ ಕೈಗೆ ಸಿಕ್ಕರೆ ಸಾಲದು. ನಿನ್ನ ಯಕೃತ್ತಿನಲ್ಲೂ ಕಣ್ಣಿನಲ್ಲೂ ಇರುವ ಜೀನ್‌ಗಳು ಅವೇ. ಎಲ್ಲಿ ಯಾವ ಪ್ರೋಟೀನ್ ಎಷ್ಟಿದೆ ಅನ್ನುವುದರಲ್ಲೇ ವ್ಯತ್ಯಾಸ. ಆ ‘ಎಷ್ಟು’ ಅನ್ನುವುದನ್ನು ಅಳೆಯಲು 2002ರಲ್ಲಿ ಮಾನ್ ಅವರ ತಂಡ ‘ಸಿಲಾಕ್’ ಅನ್ನುವ ವಿಧಾನ ಕೊಟ್ಟಿತು, ಆ ಲೇಖನದಲ್ಲೂ ಪಾಂಡೆ ಇದ್ದಾರೆ. ಒಂದು ಗುಂಪಿನ ಜೀವಕೋಶಗಳಿಗೆ ಮಾಮೂಲಿ ಲ್ಯೂಸಿನ್ (ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲೊಂದು), ಇನ್ನೊಂದಕ್ಕೆ ತುಸು ಭಾರದ ಲ್ಯೂಸಿನ್ ಉಣ್ಣಿಸಿ, ಎರಡನ್ನೂ ಬೆರೆಸಿ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ, ಅಣುಗಳ ತೂಕ ಹೇಳುವ ಯಂತ್ರಕ್ಕೆ ಕೊಟ್ಟರೆ ಒಂದೇ ಪ್ರೋಟೀನಿನ ತುಣುಕು ಅಕ್ಕಪಕ್ಕದ ಎರಡು ಗೆರೆಯಾಗಿ ಕಾಣುತ್ತದೆ, ಯಾವ ಗೆರೆ ಎತ್ತರವೋ ಆ ಗುಂಪಿನಲ್ಲಿ ಆ ಪ್ರೋಟೀನ್ ಜಾಸ್ತಿ. ಇಷ್ಟು ಸರಳ! ಇವತ್ತಿಗೂ ಅದನ್ನು ನೆನೆದರೆ ನನಗೆ ಖುಷಿಯಾಗುತ್ತದೆ.

ಅದೇ 2002ರಲ್ಲಿ ಪಾಂಡೆ ಅವರು ಬೆಂಗಳೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಶುರುಮಾಡಿದರು. ವೈಟ್‌ಫೀಲ್ಡ್ ಐಟಿಪಿಎಲ್ ಒಳಗೆ, ಸಾಫ್ಟ್‌ವೇರ್ ಕಂಪನಿಗಳ ನಡುವೆ. ಅಲ್ಲಿನ ಹುಡುಗ ಹುಡುಗಿಯರು ಮೊದಲು ಮಾಡಿದ್ದು ಯಾರೂ ಚಪ್ಪಾಳೆ ತಟ್ಟದ ಕೆಲಸ. ಪ್ರಕಟವಾದ ಸಂಶೋಧನಾ ಲೇಖನಗಳನ್ನು ಕೂತು ಓದಿ, ಯಾವ ಪ್ರೋಟೀನ್ ಎಲ್ಲಿರುತ್ತದೆ, ಯಾವುದರ ಜೊತೆ ಕೂಡುತ್ತದೆ ಅಂತ ಒಂದೊಂದಾಗಿ ದಾಖಲಿಸುವುದು. ಅದರಿಂದಲೇ ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್ ಹುಟ್ಟಿದ್ದು. 2014ರ ಮೇ ತಿಂಗಳಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ತಂಡಗಳು ಮಾನವ ಪ್ರೋಟೀನುಗಳ ಕರಡು ನಕ್ಷೆ ಹೊರತಂದಾಗ ಎಲ್ಲರೂ ಯಂತ್ರದ ಬಗ್ಗೆ ಮಾತಾಡಿದರು. 30 ಬಗೆಯ ಅಂಗಾಂಶ ಮತ್ತು ಜೀವಕೋಶಗಳು, 17,294 ಜೀನ್‌ಗಳ ಪ್ರೋಟೀನ್, ಅಂದರೆ ಆಗ ಗೊತ್ತಿದ್ದುದರಲ್ಲಿ ಸುಮಾರು 84%. ನನ್ನ ಕೇಳಿದರೆ ಅದರ ಬುನಾದಿ ಆ ಓದು. ಯಂತ್ರ ತೂಕ ಹೇಳುತ್ತದೆ ಅಷ್ಟೇ, ಇದು ಇಂಥದ್ದು ಅನ್ನಬೇಕಾದವರು ನಾವು.

ಅದು ಎಷ್ಟು ಕಷ್ಟ ಅಂತ ಮಗಳಿಗೆ ಲ್ಯಾಬಿಗೆ ಬಂದ ಮೊದಲ ವಾರವೇ ಗೊತ್ತಾಗುತ್ತದೆ. ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟರೆ ಪ್ರೋಟೀನ್ ತುಂಡಾಗುತ್ತದೆ. ಆ ತುಣುಕುಗಳು ಕೂದಲಿಗಿಂತ ಸಣ್ಣ ರಂಧ್ರದ ಸೂಜಿಮೊನೆಯಿಂದ ಎರಡು ಸಾವಿರ ವೋಲ್ಟ್ ಆಸುಪಾಸಿನಲ್ಲಿ ತುಂತುರಾಗಿ ಯಂತ್ರದೊಳಗೆ ಹೋಗುತ್ತವೆ. ಹೀಗೆಲ್ಲ ಜೋಪಾನ ಮಾಡಿ ನೋಡಿದರೆ ಪರದೆಯ ತುಂಬ ಕೆರಾಟಿನ್! ನಮ್ಮದೇ ಚರ್ಮ, ಕೂದಲಿನ ಪ್ರೋಟೀನ್. ಉಣ್ಣೆಯ ಸ್ವೆಟರ್ ಹಾಕಿಕೊಂಡು ಬಂದರೆ ಕುರಿಯ ಕೆರಾಟಿನ್ನೂ ಬರುತ್ತದೆ, ಅದಕ್ಕೇ ಡಿಸೆಂಬರ್ ಚಳಿಯಲ್ಲೂ ನಾವು ಹತ್ತಿಯ ಕೋಟಿನಲ್ಲೇ ಇರುತ್ತೇವೆ. ಇನ್ನೊಂದು ಕಷ್ಟ, ಲ್ಯೂಸಿನ್, ಐಸೊಲ್ಯೂಸಿನ್ ಅನ್ನುವ ಎರಡು ಅಮೈನೊ ಆಮ್ಲಗಳ ತೂಕವೂ ಒಂದೇ, ಸುಮ್ನೆ ತೂಗಿದರೆ ಯಾವುದು ಯಾವುದೆಂದು ಹೇಳಲಾಗದು.

ಆ 2014ರ ನಕ್ಷೆಗೂ ಪ್ರಶ್ನೆ ಬಂತು. ವಾಸನೆ ಹಿಡಿಯುವ ಪ್ರೋಟೀನುಗಳು ಇದರಲ್ಲಿವೆ, ಆದರೆ ಮೂಗಿನ ಅಂಗಾಂಶವನ್ನೇ ನೀವು ಪರೀಕ್ಷಿಸಿಲ್ಲವಲ್ಲ, ಹಾಗಾದರೆ ಇವು ಎಲ್ಲಿಂದ ಬಂದವು ಅಂತ ಸ್ಪೇನಿನ ವಿಜ್ಞಾನಿಗಳು ಅದೇ ವರ್ಷ ಕೇಳಿದರು. ಜರ್ಮನಿಯ ತಂಡವೊಂದು ‘ನೇಚರ್’ನ ಅದೇ ಸಂಚಿಕೆಯಲ್ಲಿ ಕೊಟ್ಟಿದ್ದ ನಕ್ಷೆಗೂ ಇದೇ ಪ್ರಶ್ನೆ. ನನಗೆ ಆ ಪ್ರಶ್ನೆ ನ್ಯಾಯವಾದದ್ದು ಅನಿಸಿತು. ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದ್ದರಿಂದಲೇ ಹಾಗೆ ಕೇಳಲು ಆಯಿತು ಅಲ್ವಾ? ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿನ್ನ ಮಗಳಿಗೆ ಈ ಧೈರ್ಯ ಇರಬೇಕು, ತನ್ನ ಪಟ್ಟಿಯನ್ನು ಬೇರೆಯವರು ಜಾಲಾಡಲು ಕೊಡುವ ಧೈರ್ಯ.

ಇನ್ನು ಅನ್ನದ ಮಾತು. ಫೆಲೋಶಿಪ್ ದುಡ್ಡು ತಡವಾಗಿ ಬರುವುದುಂಟು, ಯಂತ್ರ ಕೆಟ್ಟರೆ ಬಿಡಿಭಾಗ ಹೊರದೇಶದಿಂದ ಬರುವ ತನಕ ಕೈಕಟ್ಟಿ ಕೂರಬೇಕು, ಇದನ್ನು ಮುಚ್ಚಿಡುವುದಿಲ್ಲ. ಆದರೆ ಬಯೋಸಿಮಿಲರ್ ಔಷಧಿ, ಅಂದರೆ ಈಗಾಗಲೇ ಇರುವ ಜೈವಿಕ ಔಷಧಿಗಳನ್ನೇ ಹೋಲುವ ಔಷಧಿ, ಮಾಡುವ ಕಂಪನಿಗಳಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಬಲ್ಲವರು ಬೇಕೇ ಬೇಕು, ಬೆಂಗಳೂರಿನಲ್ಲಿ ಅಂಥವು ಇವೆ. ಅವಳು ಈಗಲೇ ಸಂಖ್ಯಾಶಾಸ್ತ್ರ, ಸ್ವಲ್ಪ ಪೈಥಾನ್ ಕಲಿಯಲಿ. ಯಾರನ್ನಾದರೂ ಗೈಡ್ ಆಗಿ ಒಪ್ಪಿಕೊಳ್ಳುವ ಮೊದಲು ಆ ಲ್ಯಾಬಿನ ಹಳೆಯ ವಿದ್ಯಾರ್ಥಿಗಳ ಹತ್ತಿರ ಮಾತಾಡಲಿ. ಮತ್ತೆ ನೀನು ದಯವಿಟ್ಟು ಮದುವೆ ಮಾತು ಎತ್ತಿ ಅವಳನ್ನು ಅಡ್ಡಗಟ್ಟಬೇಡ. ಮುಂದಿನ ತಿಂಗಳು ಇಬ್ಬರೂ ಬನ್ನಿ, ಯಂತ್ರ ಓಡುತ್ತಿರುವಾಗಲೇ ತೋರಿಸುತ್ತೇನೆ.

ನಿನ್ನ ಗೆಳೆಯ