ಮಗಳಿಗೊಂದು ಪತ್ರ: ಹದಿಮೂರು ಪುಸ್ತಕ ಇಳಿಸಿದ್ದೇನೆ

ತುಮಕೂರು
6-1-2013, ಭಾನುವಾರ

ಪುಟ್ಟೀ,

ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲ ಕ್ಷೇಮ. ಚಳಿಗೆ ಅಮ್ಮನ ಮೊಣಕಾಲು ನೋವು ಸ್ವಲ್ಪ ಜಾಸ್ತಿ, ಅಷ್ಟೇ.

ಗಂಡಿನ ಕಡೆಯವರು ನಿನ್ನನ್ನು ನೋಡಲು ಬರೋ ವಿಷಯಕ್ಕೆ, ನಿನ್ನ ಪುಸ್ತಕದ ವಿಷಯಕ್ಕೆ ಶುಕ್ರವಾರ ರಾತ್ರಿ ಫೋನಿನಲ್ಲಿ ಆದ ಜಗಳವನ್ನು ಮತ್ತೆ ಬರೆಯುವುದಿಲ್ಲ. ಆಮೇಲೆ ಎರಡು ಸಲ ಮಾಡಿದೆ, ನೀನು ಎತ್ತಲಿಲ್ಲ. ಮಾತಿಗೆ ಕೂತರೆ ನನಗೆ ಸಿಟ್ಟೇ ಮುಂದೆ ಬರುತ್ತೆ, ಅದಕ್ಕೇ ಕಾಗದ. ಒಂದು ಮಾತ್ರ ಹೇಳಿಬಿಡುತ್ತೇನೆ. ನಿನ್ನ ಆ ರಾಬರ್ಟ್ ಜೋರ್ಡನ್ ಕಥೆಯ, 'ದಿ ವ್ಹೀಲ್ ಆಫ್ ಟೈಮ್' ಪುಸ್ತಕಗಳನ್ನು ಹಳೇ ಪೇಪರಿನವನಿಗೆ ಹಾಕ್ತೀನಿ ಅಂದೆನಲ್ಲ, ಹಾಕಿಲ್ಲ. ಹದಿಮೂರೂ ಅಟ್ಟದ ಮೇಲಿನ ಟ್ರಂಕಿನಲ್ಲೇ ಇದ್ದವು. ನಿನ್ನೆ ಇಳಿಸಿದೆ.

ನಾನು ಬರೆಯಬೇಕೆಂದು ಕೂತಿರುವುದು 2007ರ ಗಣೇಶನ ಹಬ್ಬದ ವಿಷಯ. ಆ ವರ್ಷ ಹಬ್ಬ ಶನಿವಾರ ಬಂದಿತ್ತು. ಸೋಮವಾರವೂ ನೆಂಟರು ಮನೆಯಲ್ಲೇ ಇದ್ದರು. ನೀನು ಫಸ್ಟ್ ಪಿಯುಸಿ. ಸೈಬರ್ ಕೆಫೆಗೆ ಹೋಗಿ ಬರ್ತೀನಿ ಅಂತ ಹೋದವಳು ಬಂದು ಹೊಸಿಲ ಮೇಲೆ ಕೂತೆ. ಕಣ್ಣು ಕೆಂಪಾಗಿತ್ತು. ಅತ್ತೆ ಗಾಬರಿಯಾಗಿ ಯಾರಾದರೂ ಏನಾದರೂ ಅಂದರಾ ಅಂತ ಕೇಳಿದರೆ, "ಆ ಕಥೆ ಬರೀತಿದ್ದೋರು ತೀರಿಕೊಂಡರು" ಅಂದೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

"ತಾತ ಹೋದಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ, ಯಾರೋ ಅಮೆರಿಕದವನಿಗೆ ಅಳ್ತಾ ಕೂತಿದ್ದೀಯಾ?"

ಅಷ್ಟು ಜನರ ಮುಂದೆ ಅಂದೆ. ನೀನು ಏನೂ ಅನ್ನಲಿಲ್ಲ. ಮುಖ ತೊಳೆದುಕೊಂಡು ಬಂದು ಎಲೆ ಹಾಕಿದೆ. ನನಗೆ ಎರಡನೇ ಸಲ ಸಾರು ಬಡಿಸಿದ್ದೂ ನೀನೇ. ನಾನು ತಲೆ ಎತ್ತಲಿಲ್ಲ.

ಆ ರಾತ್ರಿಯೇ ಅಮ್ಮ ಹೇಳಿದಳು, ತಾತ ಹೋದ ದಿನ ನೀನು ಹಿತ್ತಲಲ್ಲಿ ಒಗೆಯೋ ಕಲ್ಲಿನ ಮೇಲೆ ಕೂತು ಬೆಳಗಾಗುವವರೆಗೂ ಅತ್ತಿದ್ದೆ ಅಂತ. ಅಂದರೆ ಐದು ವರ್ಷದಿಂದ ನನಗೆ ಗೊತ್ತು. ಹೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ನಿನ್ನ ರಿಸಲ್ಟ್ ಬಂದ ದಿನ ಬಾಯಿಗೆ ಬಂದಿತ್ತು. ನಿನಗೆ ಕೆಲಸ ಸಿಕ್ಕಿ ಲಗೇಜು ಹೊತ್ತುಕೊಂಡು ತುಮಕೂರು ಸ್ಟೇಷನ್ನಿಗೆ ಬಂದಾಗಲೂ ಬಂದಿತ್ತು. ಟಿಕೆಟ್ ಜೋಪಾನ ಅಂದು ಸುಮ್ಮನಾದೆ. ತಪ್ಪಾಯಿತು ಕಣಮ್ಮ. ಶುಕ್ರವಾರ ಮತ್ತೆ ಅದೇ ದನಿಯಲ್ಲಿ ಮಾತಾಡಿದೆ. ಅದು ಇನ್ನೂ ದೊಡ್ಡ ತಪ್ಪು.

ತಾತನಿಗೆ ಆ ಕಥೆ ಹೇಳಿದ್ದು ನೀನು. ನಾನು ಮಂಡಿಯಿಂದ ಬರುವಷ್ಟರಲ್ಲಿ ಜಗಲಿಯ ಮಂಚದ ಮೇಲೆ ತಾತ, ಕೆಳಗೆ ನೀನು. ಆ ಹೊತ್ತಿಗೆ ಅವರ ಕಣ್ಣು ಪೂರ್ತಿ ಮಂಜಾಗಿತ್ತು. ಇಂಗ್ಲಿಷಿನಲ್ಲಿ ಓದಿದ್ದನ್ನು ನೀನು ಕನ್ನಡದಲ್ಲಿ ಹೇಳುತ್ತಿದ್ದೆ. ಕುರಿ ಕಾಯೋ ಹುಡುಗ, ಅವನ ಜೊತೆ ಒಬ್ಬ ಕಮ್ಮಾರನ ಶಿಷ್ಯ, ತಿರುಗಿ ತಿರುಗಿ ಬರೋ ಯುಗಗಳು. ಕಾಲಚಕ್ರ ಅಂದ ಕೂಡಲೇ ತಾತ ಎದ್ದು ಕೂತಿದ್ದರು, "ಇದು ನಮ್ಮದೇ ಅಲ್ವೇನೇ!" ಅಂತ. ಮೊದಲನೇ ಪುಸ್ತಕ ತಂದದ್ದು ನಾನೇ ಅನ್ನೋದು ನಿನಗೆ ನೆನಪಿರಲಿ. ಮಂಡಿ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ನಲವತ್ತು ರೂಪಾಯಿಗೆ ಕೊಂಡಿದ್ದೆ. ದಪ್ಪ ಇದೆ, ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತ. ಎಂಟನೇ ಕ್ಲಾಸಿನ ಹುಡುಗಿ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಅದನ್ನು ಮುಗಿಸಿದಳು ಅಂತ ಮಂಡಿಯಲ್ಲಿ ಎಲ್ಲರಿಗೂ ಹೇಳಿದ್ದೆ. ಹೇಳಿದ್ದು ನಿನಗೆ ಮಾತ್ರ ಹೇಳಲಿಲ್ಲ.

ಒಂದು ದಿನ ತಾತ, "ಕೊನೇ ಯುದ್ಧದಲ್ಲಿ ಆ ಹುಡುಗ ಉಳೀತಾನಾ?" ಅಂತ ಕೇಳಿದರು. ನೀನು, "ಅದನ್ನ ಇನ್ನೂ ಬರೆದೇ ಇಲ್ಲ ತಾತ" ಅಂದೆ. ತಾತ ಎಷ್ಟೋ ಹೊತ್ತು ಮಾತಾಡಲಿಲ್ಲ. ಗುಬ್ಬಿ ಕಡೆಯ ನಮ್ಮೂರಿನಲ್ಲಿ ಅವರು ಎಷ್ಟೋ ವರ್ಷ ಕುರುಕ್ಷೇತ್ರ ನಾಟಕಕ್ಕೆ ಭೀಮ ಕಟ್ಟಿದವರು. ದುರ್ಯೋಧನನ ತೊಡೆ ಮುರಿಯುತ್ತೆ ಅಂತ ಹಾಲು ಕುಡಿಯೋ ಮಗುವಿಗೂ ಗೊತ್ತು, ಆದರೂ ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂರುತ್ತಿದ್ದೆವು. ಮುಗಿಯೋದು ಹೇಗೆ ಅಂತ ಯಾರಿಗೂ ಗೊತ್ತಿಲ್ಲದ ಕಥೆ ಅವರಿಗೆ ಅದೇ ಮೊದಲು. ಅದನ್ನು ಕೇಳುತ್ತಲೇ ಹೋಗಿಬಿಟ್ಟರು.

ತಾತನಿಗಾಗಿಯೇ ನೀನು ಕಾಯುತ್ತಿದ್ದೀಯ ಅಂತ ನಾನು ಕಥೆ ಕಟ್ಟುವುದಿಲ್ಲ. ನಿನಗೆ ಆ ಕಥೆ ಇಷ್ಟ, ಅಷ್ಟು ಸಾಕು. ನಿನ್ನೆ ಮಂಡಿಯ ಹುಡುಗನೊಬ್ಬನ ಮೊಬೈಲಿನಲ್ಲಿ ಎಲ್ಲ ಓದಿಸಿಕೊಂಡೆ. ರಾಬರ್ಟ್ ಜೋರ್ಡನ್ ಮೊದಲನೇ ಪುಸ್ತಕ ಹೊರಗೆ ತಂದದ್ದು 1990ರಲ್ಲಿ, ನೀನು ಹುಟ್ಟುವುದಕ್ಕಿಂತ ಮುಂಚೆ. ತೀರಿಕೊಂಡಾಗ ಅವರಿಗೆ 58. ಕಾಯಿಲೆಯಲ್ಲೂ ಮುಂದಿನ ಕಥೆಯನ್ನು ಮನೆಯವರಿಗೆ ಹೇಳಿ ಬರೆಸಿಟ್ಟರಂತೆ, ಕೊನೆಯ ದೃಶ್ಯವನ್ನು ತಾವೇ ಬರೆದಿಟ್ಟಿದ್ದರಂತೆ. ಅವರ ಹೆಂಡತಿ ಹ್ಯಾರಿಯಟ್, ಪುಸ್ತಕಗಳನ್ನು ತಿದ್ದುತ್ತಿದ್ದವರೂ ಅವರೇ, ಬ್ರ್ಯಾಂಡನ್ ಸ್ಯಾಂಡರ್ಸನ್ ಅನ್ನೋ ಹುಡುಗನನ್ನು ಹುಡುಕಿ ಉಳಿದದ್ದನ್ನು ಒಪ್ಪಿಸಿದರು. ಒಂದೇ ಪುಸ್ತಕದಲ್ಲಿ ಮುಗಿಯಬೇಕಿದ್ದದ್ದು ಮೂರಾಯಿತು. 2009ಕ್ಕೆ ಒಂದು, 2010ಕ್ಕೆ ಒಂದು, ಈಗ ಮಂಗಳವಾರ, 8ನೇ ತಾರೀಕು, 'ಎ ಮೆಮೊರಿ ಆಫ್ ಲೈಟ್'. ಇದನ್ನೆಲ್ಲ ನೀನು ಎಷ್ಟು ಸಲ ಹೇಳಲು ಬಂದಿದ್ದೀಯೋ. ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತಿರಲಿಲ್ಲ.

ಬೇರೆಯವರು ಬರೆದದ್ದು ಜೋರ್ಡನ್ ಬರೆದ ಹಾಗೇ ಇರುತ್ತೋ ಇಲ್ಲವೋ ಅಂತ ನೀನು ದೀಪಾವಳಿಗೆ ಬಂದಾಗ ಅಮ್ಮನ ಹತ್ತಿರ ಅಂದೆಯಂತೆ. ತಾತ ಇದ್ದಿದ್ದರೆ ಗದುಗಿನ ಭಾರತದ ಮಾತು ಎತ್ತುತ್ತಿದ್ದರು. ಶ್ರಾವಣದಲ್ಲಿ ಅದನ್ನು ಓದಿಸುವಾಗ ಅರ್ಥ ಹೇಳುತ್ತಿದ್ದವರು ಅವರು. ಕುಮಾರವ್ಯಾಸ, ಅಂದರೆ ಗದುಗಿನ ನಾರಾಣಪ್ಪ, ಹತ್ತೇ ಪರ್ವ ಬರೆದದ್ದು, ಗದಾಪರ್ವಕ್ಕೆ ನಿಂತಿತು. ಮುಂದಿನದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. "ತಿಮ್ಮಣ್ಣನ ಕೈ ಬೇರೆ, ನಾರಾಣಪ್ಪನ ಕೈ ಬೇರೆ. ಆದ್ರೆ ಧರ್ಮರಾಯನ್ನ ಅರ್ಧದಾರೀಲಿ ಬಿಡಲಿಲ್ವಲ್ಲ, ಅದು ಅವನ ದೊಡ್ಡತನ" ಅನ್ನುತ್ತಿದ್ದರು. ನಿನಗೆ ಹೇಳಲು ನನ್ನ ಹತ್ತಿರ ಇರೋದು ಇಷ್ಟೇ.

ಉಪದೇಶ ಬರೆಯಬೇಡಿ ಅಂತ ಅಮ್ಮ ಹೇಳಿದ್ದಾಳೆ. ಆದರೂ ಕೇಳು. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳು, ಈ ಪುಸ್ತಕ ಓದೋಕೆ ಅಂತ ಐದು ದಿನ ರಜೆ ಜಾಸ್ತಿಯಾಯಿತು. ಹಾಕಿಯಾಗಿದ್ದರೆ ಇರಲಿ, ಜ್ವರ ಅಂತ ಮಾತ್ರ ಸುಳ್ಳು ಹೇಳಬೇಡ. ಪುಸ್ತಕ ಅಂಗಡಿಗೆ ಹೋದರೆ ಕತ್ತಲಾಗುವುದರೊಳಗೆ ರೂಮಿಗೆ ಬಾ. ಹೋದ ತಿಂಗಳು ದೆಹಲಿಯಲ್ಲಿ ಬಸ್ಸಿನಲ್ಲಿ ಆ ಹುಡುಗಿಗೆ ಆದದ್ದನ್ನು ಟಿ.ವಿ.ಯಲ್ಲಿ ನೋಡಿದಾಗಿನಿಂದ ಅಮ್ಮನಿಗೂ ನನಗೂ ನಿದ್ದೆ ಇಲ್ಲ. ಮಲಗಿಕೊಂಡು ಓದಬೇಡ. ಓದುತ್ತಾ ಊಟ ಬಿಡಬೇಡ, ಬಿಸ್ಕತ್ತು ಊಟ ಅಲ್ಲ. ಸಂಬಳದಲ್ಲಿ ಒಂದಿಷ್ಟು ಪೋಸ್ಟಾಫೀಸಿಗೆ ಹಾಕು. ಮದುವೆ ವಿಷಯಕ್ಕೆ ಬಂದರೆ, ನಾನು ನಾಳೆಯೇ ತಾಳಿ ಕಟ್ಟಿಸಿಕೋ ಅನ್ನಲಿಲ್ಲ. ಒಳ್ಳೆ ಮನೆತನ, ಬಂದು ನೋಡಿಕೊಂಡು ಹೋಗಲಿ ಅಂದೆ. ಯಾವುದಕ್ಕೂ ಒಂದು ಕಾಲ ಅಂತ ಇರುತ್ತೆ, ಅದು ದಾಟಿದರೆ...

ನೋಡು, ಮತ್ತೆ ಅಲ್ಲಿಗೇ ಬಂದೆ.

13ನೇ ತಾರೀಕು ಭಾನುವಾರ ಬರಬೇಡಿ ಅಂತ ಗಂಡಿನ ಕಡೆಯವರಿಗೆ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದೇನೆ. ಪೂರ್ತಿ ಬೇಡ ಅಂದಿಲ್ಲ, ಹಬ್ಬ ಕಳೆಯಲಿ, ಮಗಳನ್ನು ಕೇಳಿ ಹೇಳ್ತೀನಿ ಅಂದಿದ್ದೇನೆ. ಯಾಕೆ ಅಂತ ಕೇಳಿದರು. ಅವಳಿಗೆ ಒಂದು ಓದು ಮುಗಿಸೋದಿದೆ ಅಂದೆ. ಪರೀಕ್ಷೆ ಅಂದುಕೊಂಡರು. ಅಲ್ಲ, ಕಥೆ ಪುಸ್ತಕ, ಎಂಟನೇ ಕ್ಲಾಸಿನಿಂದ ಓದುತ್ತಿದ್ದಾಳೆ, ಈ ವಾರ ಮುಗಿಯುತ್ತೆ ಅಂತ ಬಿಡಿಸಿ ಹೇಳಿದೆ.

ಸೋಮವಾರ ಸಂಕ್ರಾಂತಿ. ಪುಶ್‌ಪುಲ್ ರೈಲಿಗಾಗಲಿ ಬಸ್ಸಿಗಾಗಲಿ, ಯಾವುದು ಸಿಕ್ಕರೆ ಅದಕ್ಕೆ ಬಾ. ಓದಿ ಮುಗಿದಿರದಿದ್ದರೆ ಪುಸ್ತಕ ಇಲ್ಲಿಗೇ ತಾ, ಜಗಲಿಯಲ್ಲಿ ಕೂತು ಓದು. ಯಾರೂ ಕರೆಯುವುದಿಲ್ಲ. ಅಮ್ಮ ಎಳ್ಳಿಗೆ ಕೊಬ್ಬರಿ, ಬೆಲ್ಲ ಹೆಚ್ಚುತ್ತಿದ್ದಾಳೆ.

ಮುಗಿದ ಮೇಲೆ ಆ ಹುಡುಗ ಉಳಿದನಾ ಅಂತ ನನಗೆ ಹೇಳು. ಮೊದಲಿನಿಂದ ಹೇಳಬೇಕಾಗುತ್ತೆ. ತಾತನಿಗೆ ಹೇಳುವಾಗ ಒಳಗಿನಿಂದ ಕೇಳಿಸಿಕೊಂಡದ್ದು ಅಲ್ಲಲ್ಲಿ ಮಾತ್ರ ನೆನಪಿದೆ.

ನಲವತ್ತು ರೂಪಾಯಿಯ ಆ ಪುಸ್ತಕದ ರಟ್ಟು ಬಿಟ್ಟುಹೋಗಿತ್ತು. ಗೋಂದು ಹಾಕಿ ಮೇಲೆ ಒಳಕಲ್ಲಿನ ಗುಂಡು ಹೇರಿದ್ದೇನೆ. ನಾಳೆಗೆ ಒಣಗುತ್ತೆ.

ನಿನ್ನ,
ಅಪ್ಪ