ಕೊಬ್ಬಿದ ಕುರಿಗಳ ಬಗ್ಗೆ ಗೆಳೆಯನಿಗೊಂದು ಪತ್ರ

ಗೆಳೆಯಾ,

ಕರ್ತನಲ್ಲಿ ವಂದನೆ. ಇನ್ನು ಮೇಲೆ ನಿನ್ನನ್ನು ಪಾಸ್ಟರ್ ಅಂತಲೇ ಕರೆಯಬೇಕು ಅಂತ ನಮ್ಮ ಮನೆಯವಳು ತಾಕೀತು ಮಾಡಿದ್ದಾಳೆ. ಬಾಯಿಗೆ ಬರುತ್ತಿಲ್ಲ ಕಣೋ. ಹಾಸ್ಟೆಲಿನಲ್ಲಿ ನನ್ನ ಲುಂಗಿ ಸುತ್ತಿಕೊಂಡು ಓಡಾಡಿದವನು ನೀನು.

ನಿನ್ನ ಮೆಸೇಜು ಓದಿದೆ. ಚರ್ಚಿನ ಸಭೆ ಚಿಕ್ಕದು, ಜನ ಒಳ್ಳೆಯವರು, ಆದರೆ ಎಲ್ಲಾ ಎರಡು ಮನೆತನದ ಕೈಯಲ್ಲಿದೆ, ಉಳಿದವರು ಬಾಯಿಯೇ ಬಿಡುವುದಿಲ್ಲ ಅಂದಿದ್ದೀಯ. ಕೊನೆಗೆ "ನಾನು ಈ ಮಂದೆಯ ಕುರುಬ, ಎಲ್ಲರನ್ನೂ ಪ್ರೀತಿಯಿಂದ ನೋಡಿಕೊಂಡು ಹೋಗುತ್ತೇನೆ, ಯಾರ ಮನಸ್ಸನ್ನೂ ನೋಯಿಸುವುದಿಲ್ಲ" ಅಂತ ಬರೆದಿದ್ದೀಯಲ್ಲ, ಅಲ್ಲಿ ನನ್ನದೊಂದು ತಕರಾರು ಇದೆ.

ಒಳ್ಳೆಯ ಕುರುಬ ಅಂದ ತಕ್ಷಣ ನಮಗೆ ನೆನಪಾಗುವುದು ಕ್ಯಾಲೆಂಡರಿನ ಯೇಸುವಿನ ಚಿತ್ರ. ಬಿಳಿ ಅಂಗಿ, ಹೆಗಲ ಮೇಲೆ ಈಗಷ್ಟೇ ತೊಳೆದ ಹಾಗಿರುವ ಮರಿ, ಹಿಂದೆ ಹಸಿರು ಗುಡ್ಡ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ತರುಬಲು ಬರುತ್ತಾರಲ್ಲ, ಅವರನ್ನು ನೋಡಿದರೆ ಬೇರೆಯೇ ತಿಳಿಯುತ್ತದೆ. ಒಂದು ಸಂಜೆ ಊರ ಕೆರೆ ಹತ್ತಿರ ಸುಮ್ನೆ ನಿಂತು ನೋಡಿದೆ. ಟಗರುಗಳೇ ಮೊದಲು ನುಗ್ಗಿದವು. ನೀರಿಗಿಳಿದು ಕೆಸರು ಕಲಕಿ, ಅಡ್ಡಡ್ಡ ನಿಂತು ಕುಡಿಯುತ್ತಿದ್ದವು. ಮೊನ್ನೆ ಮೊನ್ನೆ ಈದ ಕುರಿ, ಕುಂಟಿಕೊಂಡು ಬಂದ ಮುದಿ ಕುರಿ ಎಲ್ಲಾ ದಂಡೆಯಲ್ಲೇ ಉಳಿದವು. ಕುರಿ ಕಾಯುತ್ತಿದ್ದ ಮನುಷ್ಯ ಕೂಗಾಡಲಿಲ್ಲ. ಪಂಚೆ ಮೇಲೆ ಕಟ್ಟಿಕೊಂಡು ನೀರಿಗಿಳಿದ, ದೊಡ್ಡದೊಂದು ಟಗರಿನ ಎದೆಗೆ ಕೋಲು ಕೊಟ್ಟು ಪಕ್ಕಕ್ಕೆ ತಳ್ಳಿದ, ಹಿಂದಿನವು ಬಂದು ಹೊಟ್ಟೆ ತುಂಬ ಕುಡಿಯುವ ತನಕ ಕೋಲು ಅಡ್ಡ ಹಿಡಿದು ಮೊಣಕಾಲುದ್ದ ನೀರಲ್ಲೇ ನಿಂತಿದ್ದ.

ಈಗ ಬೈಬಲಿನಲ್ಲಿ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 34ನೇ ಅಧ್ಯಾಯ ತೆಗೆ. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಬಾಬೆಲಿನವರ ಕೈಗೆ ಬಿತ್ತು, ಆ ಸುದ್ದಿ ಹೊತ್ತು ತಪ್ಪಿಸಿಕೊಂಡು ಬಂದವನೊಬ್ಬ ಪ್ರವಾದಿಯ ಹತ್ತಿರ ಬರುವುದು 33ರಲ್ಲಿ. ಅದರ ಬೆನ್ನಿಗೇ ಈ ಅಧ್ಯಾಯ. ಇಲ್ಲಿ ಕುರುಬರು ಅಂದರೆ ದೇಶ ಆಳಿದವರು. ಉಣ್ಣೆ ಹೊದ್ದುಕೊಂಡಿರಿ, ಕೊಬ್ಬಿದ್ದನ್ನು ಕೊಯ್ದು ತಿಂದಿರಿ, ಕುರಿಗಳನ್ನು ಮಾತ್ರ ಮೇಯಿಸಲಿಲ್ಲ ಅಂತ ದೇವರು ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ನಾನೇ ಹುಡುಕುತ್ತೇನೆ, ಮುರಿದ ಅಂಗಕ್ಕೆ ನಾನೇ ಕಟ್ಟು ಕಟ್ಟುತ್ತೇನೆ ಅನ್ನುತ್ತಾನೆ. ಪ್ರಸಂಗಗಳಲ್ಲಿ ನಾನು ಕೇಳಿರುವುದು ಜಾಸ್ತಿ ಇಲ್ಲಿಯವರೆಗೆ ಮಾತ್ರ. 17ನೇ ವಚನದಿಂದ ದೇವರು ಕುರಿಗಳ ಕಡೆಗೇ ತಿರುಗುತ್ತಾನೆ. ನೀವು ಒಳ್ಳೆಯ ಹುಲ್ಲು ಮೇದಿದ್ದು ಸಾಲದು ಅಂತ ಉಳಿದದ್ದನ್ನು ತುಳಿಯುತ್ತೀರಾ, ತಿಳಿನೀರು ಕುಡಿದು ಮಿಕ್ಕದ್ದನ್ನು ಕಾಲಿನಿಂದ ಕಲಕುತ್ತೀರಾ? ಪಕ್ಕೆಯಿಂದ, ಹೆಗಲಿನಿಂದ ನೂಕಿ, ಬಲವಿಲ್ಲದವುಗಳನ್ನು ಕೊಂಬಿನಿಂದ ಹಾದು ಓಡಿಸಿದ್ದೀರಿ, ಕೊಬ್ಬಿದ ಕುರಿಗೂ ಬಡಕಲು ಕುರಿಗೂ ನಡುವೆ ನಾನು ನ್ಯಾಯ ತೀರಿಸುತ್ತೇನೆ ಅನ್ನುತ್ತಾನೆ. ಅಂದರೆ ತೋಳ ಹೊರಗಿನಿಂದಲೇ ಬರಬೇಕೆಂದಿಲ್ಲ, ಮಂದೆಯೊಳಗಿನ ನೂಕಾಟವೇ ಸಾಕು ಕುರಿ ಚದುರಿ ಹೋಗುವುದಕ್ಕೆ. ಕಮಿಟಿ ಮೀಟಿಂಗಿನಲ್ಲಿ ಒಂದು ಸಲ ಕೂತೆದ್ದರೆ ಇದಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ, ಅಲ್ವಾ?

ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲೂ ಇದೇ ಇದೆ ಅಂತ ನನಗನ್ನಿಸುತ್ತದೆ. ಅಲ್ಲಿ ಎರಡು ಊಟ. ಮೊದಲನೆಯದು ಗಲಿಲಾಯವನ್ನು ಆಳುತ್ತಿದ್ದ ಹೆರೋದನ ಹುಟ್ಟುಹಬ್ಬದ್ದು. ಅಧಿಕಾರಿಗಳು, ಸೇನಾಪತಿಗಳು, ಗಲಿಲಾಯದ ದೊಡ್ಡ ಮನುಷ್ಯರು ಕೂತು ಉಂಡರು, ಕೊನೆಗೆ ಪರಾತದಲ್ಲಿ ಬಂದದ್ದು ಪ್ರವಾದಿ ಸ್ನಾನಿಕ ಯೋಹಾನನ ತಲೆ. ಅದಾದ ಮೇಲೆ ಯೇಸು ತನ್ನ ಶಿಷ್ಯರನ್ನು ಏಕಾಂತದ ಜಾಗಕ್ಕೆ ಕರೆದುಕೊಂಡು ಹೊರಡುತ್ತಾನೆ. ಅವರಿಗೆ ಉಣ್ಣುವುದಕ್ಕೂ ಪುರಸೊತ್ತಿರಲಿಲ್ಲ ಅಂತ ಮಾರ್ಕ ಬರೆಯುತ್ತಾನೆ. ದಡ ಮುಟ್ಟುವಷ್ಟರಲ್ಲಿ ಜನ ಓಡಿ ಬಂದು ಸೇರಿದ್ದರು. ಯಾರಿಗಾದರೂ ರೇಗಿ ಹೋಗುತ್ತಿತ್ತು. ಆತ ಅವರನ್ನು ನೋಡಿ, ಇವರು ಕುರುಬನಿಲ್ಲದ ಕುರಿಗಳ ಹಾಗಿದ್ದಾರಲ್ಲಾ ಅಂತ ಕನಿಕರಪಟ್ಟ. ಮೊದಲು ಬೋಧಿಸಿದ, ಹೊತ್ತಾದ ಮೇಲೆ ಉಣಿಸಿದ. ಆ ಉಣಿಸಿದ್ದನ್ನು ಸ್ವಲ್ಪ ಗಮನಿಸು. ಜನರನ್ನು ಹಸಿರು ಹುಲ್ಲಿನ ಮೇಲೆ ನೂರು ನೂರು ಮಂದಿಯ, ಐವತ್ತು ಐವತ್ತು ಮಂದಿಯ ಪಂಕ್ತಿ ಮಾಡಿ ಕೂರಿಸಿದ. ಹುಲ್ಲು ಹಸಿರಾಗಿತ್ತು ಅಂತ ಹೇಳುವವನು ಮಾರ್ಕನೊಬ್ಬನೇ, ಯೆಹೋವನು ನನಗೆ ಕುರುಬನು ಅನ್ನುವ 23ನೇ ಕೀರ್ತನೆಯ ಹುಲ್ಲುಗಾವಲು ಅವನ ಮನಸ್ಸಲ್ಲಿ ಇದ್ದಿರಬೇಕು. ಐದು ರೊಟ್ಟಿ, ಎರಡು ಮೀನು. ನುಗ್ಗಾಟಕ್ಕೆ ಬಿಟ್ಟಿದ್ದರೆ ಮುಂದಿದ್ದ ಗಟ್ಟಿ ಆಳುಗಳು ತಿಂದು ಕೈ ತೊಳೆಯುತ್ತಿದ್ದರು. ಪಂಕ್ತಿಯಲ್ಲಿ ಕೂರಿಸಿದರೆ ಕೊನೆಯ ಮುದುಕಿಗೂ ಸಿಗುತ್ತದೆ. ಕನಿಕರಕ್ಕೂ ವ್ಯವಸ್ಥೆ ಬೇಕು ಮಾರಾಯಾ.

ಅದಕ್ಕೇ ಹೇಳುವುದು, ಎರಡೂ ಮನೆತನದವರ ಜೊತೆ ನಗುನಗುತ್ತಾ ಇದ್ದುಬಿಟ್ಟರೆ ಯಾರನ್ನೂ ನೋಯಿಸಲಿಲ್ಲ ಅಂತ ನಿನಗನ್ನಿಸಬಹುದು, ಆದರೆ ದಂಡೆಯಲ್ಲಿ ಉಳಿದವರಿಗೆ ಆ ನೋವು ಇದ್ದೇ ಇರುತ್ತದೆ, ಅವರು ಹೇಳುವುದಿಲ್ಲ ಅಷ್ಟೇ. ಮನೆ ಭೇಟಿಯನ್ನು ಚಹಾದ ಜೊತೆ ಚೂಡಾ ಬರುವ ಮನೆಯಿಂದ ಶುರು ಮಾಡಬೇಡ. ಸಭೆಯ ರಿಜಿಸ್ಟರ್ ತೆಗೆಸು. ಚಂದಾ ಬಾಕಿ ಅಂತ ಯಾರ ಹೆಸರು ಬಿಟ್ಟುಹೋಗಿದೆ, ಗಂಡ ತೀರಿಕೊಂಡ ಮೇಲೆ ಯಾರು ಆರಾಧನೆಗೆ ಬರುತ್ತಿಲ್ಲ, ದುಡಿಯಲು ಗೋವಾಕ್ಕೆ ಹೋದವರ ಮನೆಯಲ್ಲಿ ಯಾರು ಉಳಿದಿದ್ದಾರೆ, ಮೊದಲು ಅವರ ಮನೆಗೆ ಹೋಗು. ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದದ್ದರ ಹರಾಜಿನಲ್ಲಿ ದೊಡ್ಡವರು ಪೈಪೋಟಿಗೆ ಬಿದ್ದು ಒಂದು ಕುಂಬಳಕಾಯಿಯನ್ನು ಸಾವಿರಗಟ್ಟಲೆ ಏರಿಸುವಾಗ, ನಾಲ್ಕು ಕೋಳಿಮೊಟ್ಟೆ ತಂದಿಟ್ಟ ಅಜ್ಜಿಯನ್ನೂ ಹೆಸರು ಹಿಡಿದು ಕರಿ. ಕಮಿಟಿಯಲ್ಲಿ ಯಾರಾದರೂ ದನಿ ಏರಿಸಿದರೆ, ಅಣ್ಣಾ, ನಿಮ್ಮದು ಕೇಳಿದೆ, ಈಗ ಅವರು ಮಾತಾಡಲಿ ಅನ್ನು. ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ. ಟಗರನ್ನೂ ಆ ಕುರುಬ ಕೆರೆಯಿಂದ ಅಟ್ಟಲಿಲ್ಲ, ಪಕ್ಕಕ್ಕೆ ಸರಿಸಿದ ಅಷ್ಟೇ. ಅವರೂ ನಿನ್ನವರೇ. ಅವರ ಮನೆಯಲ್ಲೂ ರಾತ್ರಿ ನಿದ್ದೆ ಇಲ್ಲದೆ ಕೂತವರಿರುತ್ತಾರೆ, ಅಲ್ಲಿಗೂ ಹೋಗು.

ಇನ್ನೊಂದು. ಕೋಲು ಕೈಗೆ ಬಂದ ಮೇಲೆ ಬೀಸುವ ಚಟವೂ ಬರುತ್ತದೆ. ಬಲಾತ್ಕಾರದಿಂದ ಆಳಿದಿರಿ ಅನ್ನುವ ಬೈಗುಳವೂ ಅದೇ 34ರಲ್ಲಿದೆ, ಅದು ಕುರಿಗಳಿಗೆ ಹೇಳಿದ್ದಲ್ಲ.

ಸೋಮವಾರ ರಜೆ ತಗೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ಮೀಟಿಂಗಿನಲ್ಲಿ ಏನಾಯಿತು ಅಂತ ಫೋನ್ ಮಾಡಿ ಹೇಳು, ಆದರೆ ರಾತ್ರಿ ಒಂಬತ್ತರ ಮೇಲೆ. ಅಲ್ಲಿಯವರೆಗೆ ಅಂಗಡಿಯಲ್ಲಿ ಗಿರಾಕಿ ಇರುತ್ತಾರೆ.

ನಿನ್ನ ಗೆಳೆಯ