ಕೆರೆಯ ಪಾಚಿ ಮೂಲೆಯಲ್ಲಿ ಚಳಿಗಾಲಕ್ಕೆ ಬಲೆ ಬೇಡ: ಗ್ರಾಮ ಪಂಚಾಯಿತಿಗೆ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಪಿಡಿಒ ಅವರು,
ಗ್ರಾಮ ಪಂಚಾಯಿತಿ, ಕೊಪ್ಪಳ ತಾಲ್ಲೂಕು

ವಿಷಯ: ನೀರಲ್ಲಿ ಮುಳುಗಿ ಮೇಯುವ ಬಾತುಗಳನ್ನು ಉಳಿಸುವ ಬಗ್ಗೆ.

ಮಾನ್ಯರೇ,

ತುಂಗಭದ್ರಾ ಹಿನ್ನೀರಿಗೆ ಹತ್ತಿರವಿರುವ ನಮ್ಮ ಕೆರೆಗೆ ಚಳಿಗಾಲದಲ್ಲಿ ಬಾತುಗಳು ಬಂದಿಳಿಯುವುದು ತಮಗೆ ಗೊತ್ತೇ ಇದೆ. ಅವುಗಳ ನಡುವೆ ಪೋಚಾರ್ಡ್ ಎಂಬ ಮುಳುಗು ಬಾತುಗಳೂ ಕೆಲವು ಇರುತ್ತವೆ. ಗಂಡಿಗೆ ಕೆಂಪು ತಲೆ, ಕಪ್ಪು ಎದೆ, ಬೂದು ಮೈ. ಹೆಣ್ಣು ಮಂಕು ಕಂದು. ಯುರೋಪ್, ಸೈಬೀರಿಯಾ ಕಡೆ ಮರಿ ಮಾಡಿ, ಅಲ್ಲಿನ ನೀರು ಹೆಪ್ಪುಗಟ್ಟುವ ಹೊತ್ತಿಗೆ ಇತ್ತ ಬರುತ್ತವೆ. ಅಳಿವಿನ ಭಯವಿರುವ ಜೀವಿಗಳನ್ನು ಗುರುತಿಸುವ ಜಾಗತಿಕ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ 2015ರಿಂದ ಇದು ಅಪಾಯದಲ್ಲಿರುವ ಹಕ್ಕಿ.

ಬೇರೆ ಹಲವು ಬಾತುಗಳು ಬಾಲ ಮೇಲೆತ್ತಿ, ಕೊಕ್ಕಿಗೆ ಎಟುಕಿದ್ದನ್ನು ಮೇಯುತ್ತವೆ. ಇದು ಹಾಗಲ್ಲ. ಮೈಯನ್ನು ಕೊಂಚ ಮೇಲಕ್ಕೆ ಚಿಮ್ಮಿಸಿ, ತಲೆ ಕೆಳಗಾಗಿ ಪೂರ್ತಿ ಮುಳುಗುತ್ತದೆ. ತಳದ ಪಾಚಿ, ಬೇರು, ಬೀಜ, ಬಸವನಹುಳು ಹುಡುಕಿ ತಿಂದು, ಸ್ವಲ್ಪ ಹೊತ್ತಿಗೆ ಬೇರೆ ಕಡೆ ಮೇಲೇಳುತ್ತದೆ. ಕಾಲುಗಳು ಮೈಯ ಹಿಂದಕ್ಕೆ ಇರುವುದರಿಂದ ಈಜಲು ಬಲ, ನೆಲದ ಮೇಲೆ ನಡೆಯಲು ತೊಡಕು. ಹಾರಬೇಕಾದರೂ ನೀರಿನ ಮೇಲೆ ಓಡಿಯೇ ಏಳಬೇಕು. ಹಗಲು ಗುಂಪಾಗಿ ನಿದ್ದೆ ಮಾಡಿ, ರಾತ್ರಿಯೇ ಜಾಸ್ತಿ ಮೇಯುವುದೂ ಉಂಟು.

ತೊಂದರೆ ಇರುವುದೇ ಇಲ್ಲಿ. ರಾತ್ರಿ ಪಾಚಿಯ ನಡುವೆ ಕಟ್ಟಿಟ್ಟ ಸಣ್ಣ ನೈಲಾನ್ ಬಲೆ ಇದಕ್ಕೆ ಕಾಣುವುದಿಲ್ಲ. ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ. ಕಳೆದ ಚಳಿಗಾಲ ಬಲೆ ಎಳೆದಾಗ ಒಂದು ಗಂಡು ಬಾತು ಸತ್ತೇ ಬಂತು. ಕುತ್ತಿಗೆಯ ಕೆಂಪು ಗರಿಗಳೊಳಗೆ ದಾರ ಹೂತುಹೋಗಿತ್ತು. ನೋಡಿದವರಿಗೆಲ್ಲ ಸಂಕಟವಾಯಿತು. ಮೀನುಗಾರರಿಗೂ ಇದು ಬೇಕಿಲ್ಲ. ಹರಿದ ಬಲೆ ಅವರಿಗೂ ನಷ್ಟವೇ ಅಲ್ವಾ?

ಮೀನು ಹಿಡಿಯುವುದನ್ನು ನಿಲ್ಲಿಸಿ ಅಂತ ನಾವು ಕೇಳುತ್ತಿಲ್ಲ, ಅದು ಅವರ ಹೊಟ್ಟೆಪಾಡು. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೆರೆಯ ಪಾಚಿ ಬೆಳೆದ ಮೂಲೆಯೊಂದನ್ನು ಮಾತ್ರ ಬಲೆ ಹಾಕದೆ ಬಿಡಿಸಿ. ಗುತ್ತಿಗೆ ಕೊಡುವಾಗಲೇ ಈ ಷರತ್ತು ಬರೆಸಿ. ಹೂಳೆತ್ತುವ ಕೆಲಸವನ್ನು ಏಪ್ರಿಲ್ ನಂತರ ಇಟ್ಟುಕೊಂಡರೆ ನೀರೂ ಕಡಿಮೆ ಇರುತ್ತದೆ, ಜೆಸಿಬಿ ಸದ್ದಿಗೆ ಹಕ್ಕಿಗಳೂ ಚೆದುರುವುದಿಲ್ಲ. ಆಗಲೂ ಪಾಚಿಯನ್ನೆಲ್ಲ ಸುಮ್ನೆ ಕಿತ್ತು ಹಾಕಿಸಬೇಡಿ, ಅದೇ ಇವುಗಳ ಊಟ.

ಕಾಡುಬಾತು ಹೊಡೆಯುವುದು, ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ ಅಂತ ದಂಡೆಯ ಮೇಲೆ ಒಂದು ಫಲಕವನ್ನೂ ಹಾಕಿಸಿ. ಯಾವ ಮೂಲೆ ಅಂತ ಗುರುತು ಮಾಡಲು ಮೀನುಗಾರರ ಜೊತೆಗೇ ಒಂದು ದಿನ ದಂಡೆಗೆ ಬನ್ನಿ. ಗಡಿಗೆ ನೆಡುವ ಗಳುಗಳನ್ನು ನಾವೇ ತರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೆರೆ ದಂಡೆ ಓಣಿಯ ನಿವಾಸಿಗಳು